ಅಮ್ಮನ ಫೋನಿನಲ್ಲಿ ನೆಲ ಹತ್ತಿದ ಹಡಗು

2025ರ ಜೂನ್ 16, ಸೋಮವಾರ. ಅಂಧೇರಿಯ ಕಚೇರಿಗೆ ಬಂದು ಕುಳಿತು ಇನ್ನೂ ಚಹಾ ಮುಟ್ಟಿರಲಿಲ್ಲ, ತದಡಿಯಿಂದ ಅಮ್ಮನ ಫೋನ್ ಬಂತು. "ತಮ್ಮನ ಹಡಗು ನೆಲದ ಮೇಲೆ ಹೋಗಿ ನಿಂತದೆಯಲ್ಲೇ! ಇರಾನಿನ ಒಳಗೆ ತೋರಿಸ್ತದೆ. ಹಿಡ್ಕೊಂಡು ಹೋದ್ರಾ ಹೇಗೆ?"

ತಮ್ಮ ತೈಲ ಹಡಗೊಂದರಲ್ಲಿ ಸೆಕೆಂಡ್ ಆಫೀಸರ್. ಸೌದಿಯ ಜುಬೈಲಿನಲ್ಲಿ ಸರಕು ತುಂಬಿಕೊಂಡು ಹೊರಟಿದ್ದ. ಎರಡು ವರ್ಷದ ಹಿಂದೆ ಅಮ್ಮನ ಮೊಬೈಲಿಗೆ ಹಡಗು ಹುಡುಕುವ ಆ್ಯಪ್ ಹಾಕಿಕೊಟ್ಟವಳು ನಾನೇ. ಅಂದಿನಿಂದ ಅಮ್ಮ ಬೆಳಿಗ್ಗೆ ದೇವರ ದೀಪ ಹಚ್ಚಿದ ಕೂಡಲೇ ಕನ್ನಡಕ ಹಾಕಿಕೊಂಡು ಆ ಪುಟ್ಟ ಬಾಣದ ಗುರುತು ಎಲ್ಲಿದೆ ಎಂದು ನೋಡುತ್ತಾಳೆ. ನೀಲಿಯ ಮೇಲಿದ್ದರೆ ಸಮಾಧಾನ. ಅವತ್ತು ಅದು ನೀಲಿ ಬಿಟ್ಟು ಹಳದಿಯ ಮೇಲೆ ಕೂತಿತ್ತು.

"ಅದು ಸುಳ್ಳಮ್ಮ, ಯುದ್ಧದ ಸಮಯ, ಹಾಗೆಲ್ಲ ತೋರಿಸುತ್ತದೆ" ಎಂದೆ. ಹೇಳಿದೆನೇ ಹೊರತು ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಹಡಗುಗಳ ನಿರ್ವಹಣೆ ನೋಡಿಕೊಳ್ಳುವ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಇರಾನ್ ವಶಪಡಿಸಿಕೊಂಡ ಎಂಎಸ್‌ಸಿ ಏರೀಸ್ ಹಡಗಿನಲ್ಲಿ 17 ಮಂದಿ ಭಾರತೀಯರಿದ್ದರು. ಅಮ್ಮನ ಅನುಮಾನ ತಲೆಬುಡವಿಲ್ಲದ್ದಾಗಿರಲಿಲ್ಲ.

ಇಸ್ರೇಲ್ ಜೂನ್ 13ರಂದು ಇರಾನ್ ಮೇಲೆ ದಾಳಿ ಶುರು ಮಾಡಿತ್ತು. ಅಂದಿನಿಂದ ನಮ್ಮ ಕಚೇರಿಯ ದೊಡ್ಡ ಪರದೆಯ ಮೇಲೂ ಇದೇ ಕತೆ. ಕೊಲ್ಲಿಯಲ್ಲಿದ್ದ ಹಡಗುಗಳು ಇದ್ದಕ್ಕಿದ್ದಂತೆ ದಡಕ್ಕೆ ಹಾರುತ್ತಿದ್ದವು, ಹತ್ತಾರು ಹಡಗುಗಳು ಒಂದೇ ಬಿಂದುವಿನ ಮೇಲೆ ಗುಡ್ಡೆ ಬೀಳುತ್ತಿದ್ದವು. ಆ ದಿನಗಳಲ್ಲಿ ದಿನಕ್ಕೆ ಸುಮಾರು ಸಾವಿರ ಹಡಗುಗಳಿಗೆ ಹೀಗಾಯಿತೆಂದು ಹಡಗು ಸಂಚಾರವನ್ನು ಗಮನಿಸುವ ಸಂಸ್ಥೆಗಳು ಲೆಕ್ಕ ಕೊಟ್ಟವು.

ಇದು ಹೇಗಾಗುತ್ತದೆಂದು ಅಮ್ಮನಿಗೆ ಆಮೇಲೆ ಜಾತ್ರೆಯ ಉದಾಹರಣೆ ಕೊಟ್ಟು ಹೇಳಿದೆ. ಜಿಪಿಎಸ್ ಉಪಗ್ರಹಗಳು ಇರುವುದು 20,000 ಕಿ.ಮೀ.ಗೂ ಮೇಲೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅದರ ಸಂಕೇತ ಪಿಸುಮಾತಿನಷ್ಟು ಸಣ್ಣದಾಗಿರುತ್ತದೆ. ಜಾತ್ರೆಯಲ್ಲಿ ಮೈಕ್ ಜೋರು ಮಾಡಿದರೆ ಪಕ್ಕದವರ ಪಿಸುಮಾತು ಕೇಳುತ್ತದೆಯೇ? ಅದು ಜಾಮಿಂಗ್. ಕತ್ತಲಲ್ಲಿ ಯಾರೋ ಅಪ್ಪನದೇ ಧ್ವನಿ ಮಾಡಿ "ಈ ಕಡೆ ಬಾ" ಎಂದು ಕರೆದರೆ ಅದು ಸ್ಪೂಫಿಂಗ್. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಯಂತ್ರಕ್ಕೆ ಮೋಸ ಹೋದದ್ದು ಗೊತ್ತೇ ಆಗದಿರಬಹುದು. ಹಡಗು ತನ್ನ ಜಿಪಿಎಸ್ ಹೇಳಿದ ಜಾಗವನ್ನೇ ಎಐಎಸ್ ಎಂಬ ರೇಡಿಯೊ ಮೂಲಕ ಸುತ್ತಲಿನವರಿಗೆ ಸಾರುತ್ತದೆ. ಆದ್ದರಿಂದ ಸುಳ್ಳು ಅಕ್ಕಪಕ್ಕದ ಹಡಗುಗಳಿಗೂ ಹರಡುತ್ತದೆ, ತದಡಿಯ ನಮ್ಮನೆ ಜಗಲಿಯವರೆಗೂ ಬರುತ್ತದೆ.

ಹೀಗೆ ಮಾಡುವವರೆಲ್ಲ ಹಡಗು ಮುಳುಗಿಸಲೆಂದೇ ಮಾಡುವುದಿಲ್ಲ. ಡ್ರೋನ್, ಕ್ಷಿಪಣಿಗಳು ದಾರಿ ಹುಡುಕುವುದಕ್ಕೆ ಇದೇ ಸಂಕೇತವನ್ನು ನೆಚ್ಚಿಕೊಂಡಿರುತ್ತವೆ. ಅವುಗಳ ದಾರಿ ತಪ್ಪಿಸಿ ತಮ್ಮ ಊರು, ಬಂದರು ಉಳಿಸಿಕೊಳ್ಳಲು ಸೈನ್ಯಗಳು ಆಕಾಶವನ್ನೇ ಕೆಡಿಸುತ್ತವೆ. ಗಾಜಾ ಯುದ್ಧ ಶುರುವಾದ ಮೇಲೆ ಇಸ್ರೇಲಿನಲ್ಲೇ ಜನರ ಮೊಬೈಲ್ ನಕ್ಷೆಗಳು ಅವರನ್ನು ಬೈರೂತ್ ವಿಮಾನ ನಿಲ್ದಾಣದಲ್ಲಿ ತೋರಿಸುತ್ತಿದ್ದವು. ಸ್ವಂತ ಜನರನ್ನು ಕಾಯಲು ಮಾಡಿದ್ದೇ ಸ್ವಂತ ಟ್ಯಾಕ್ಸಿಯವನ ದಾರಿಯನ್ನೂ ತಪ್ಪಿಸಿತು.

ಅದಕ್ಕೆ ಯಾರ ಮೇಲೆ ಸಿಟ್ಟು ಮಾಡುವುದು? ಜಿಪಿಎಸ್ ಮೂಲತಃ ಅಮೆರಿಕದ ಸೈನ್ಯದ ಸೊತ್ತು. 2000ದ ಮೇ ತಿಂಗಳವರೆಗೂ ಅವರು ನಾಗರಿಕರಿಗೆ ಬೇಕೆಂದೇ ಮಸುಕು ಮಾಡಿದ ಸಂಕೇತ ಕೊಡುತ್ತಿದ್ದರು. ಹಡಗು, ವಿಮಾನ, ಊಟ ತರುವ ಹುಡುಗ, ನಾವೆಲ್ಲ ಆ ಮನೆಯ ಬಾಡಿಗೆದಾರರು. ಮುಂಬೈಯಲ್ಲಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಸೋಮವಾರ ತಮ್ಮನ ಕಂಪನಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಮಧ್ಯಾಹ್ನ ಉತ್ತರ ಬಂತು: ಹಡಗು ಸಮುದ್ರದಲ್ಲೇ ಇದೆ, ನಾಳೆ ರಾತ್ರಿ ಹೊರ್ಮುಜ್ ದಾಟುತ್ತದೆ. ಅಮ್ಮನಿಗೆ ಮೊದಲ ಅರ್ಧ ಮಾತ್ರ ಹೇಳಿದೆ.

ಮಂಗಳವಾರ ಬೆಳಿಗ್ಗೆ ಕಚೇರಿಗೆ ಬಂದರೆ ಬೇರೆಯದೇ ಸುದ್ದಿ. ಬೆಳಗಾಗುವ ಮೊದಲೇ ಹೊರ್ಮುಜ್ ಹತ್ತಿರ, ಯುಎಇಯ ಖೋರ್ ಫಕ್ಕಾನ್ ಆಚೆ, ಫ್ರಂಟ್ ಈಗಲ್ ಮತ್ತು ಅಡಲಿನ್ ಎಂಬ ಎರಡು ತೈಲ ಹಡಗುಗಳು ಡಿಕ್ಕಿಯಾಗಿ ಬೆಂಕಿ ಹತ್ತಿಕೊಂಡಿತ್ತು. ಅಡಲಿನ್‌ನ 24 ಸಿಬ್ಬಂದಿಯನ್ನು ಯುಎಇ ಕರಾವಳಿ ಪಡೆ ಇಳಿಸಿಕೊಂಡಿತು. ಸಂಚಾರದಲ್ಲಿ ಆದ ತಪ್ಪು ಅಂದಾಜೇ ಇದಕ್ಕೆ ಕಾರಣ ಎಂದು ಅಲ್ಲಿನ ಸರ್ಕಾರ ಹೇಳಿತು. ಆದರೆ ಫ್ರಂಟ್ ಈಗಲ್ ಕೂಡ ಎರಡು ದಿನದ ಹಿಂದೆ ಎಐಎಸ್‌ನಲ್ಲಿ ಇರಾನಿನ ನೆಲದ ಮೇಲೆ ಕಾಣಿಸಿಕೊಂಡಿತ್ತು. ಅದಕ್ಕೂ ಹಿಂದಿನ ತಿಂಗಳು ಜೆಡ್ಡಾ ಬಳಿ ಕಂಟೇನರ್ ಹಡಗೊಂದು ನೆಲಕ್ಕೆ ಕಚ್ಚಿಕೊಂಡಾಗಲೂ ಅನುಮಾನ ಜಿಪಿಎಸ್ ಕೆಡಿಸಿದ್ದರ ಮೇಲೇ ಹೋಗಿತ್ತು.

ಆ ರಾತ್ರಿ ನಾನು ಮಲಗಲಿಲ್ಲ. ಪರದೆ ನೋಡಿದರೆ ಸುಳ್ಳು, ನೋಡದಿದ್ದರೆ ಏನೂ ಇಲ್ಲ. ಬುಧವಾರ ಮಧ್ಯಾಹ್ನ ತಮ್ಮನ ವಾಟ್ಸ್‌ಆ್ಯಪ್ ಬಂತು: "ದಾಟಿದ್ವಿ ಅಕ್ಕ. ನಿದ್ದೆ ಬರ್ತಿದೆ."

ಅಕ್ಟೋಬರಿನಲ್ಲಿ ರಜೆಗೆ ಬಂದಾಗ ತದಡಿಯ ಜಗಲಿಯಲ್ಲಿ ಕೂತು ಪೂರ್ತಿ ಹೇಳಿದ. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಹಡಗು ಕಪ್ಪೆಯಂತೆ ಹಾರುತ್ತಿತ್ತಂತೆ, ಅಲಾರಂ ಒಂದು ನಿಲ್ಲಿಸಿದರೆ ಇನ್ನೊಂದು. ಕ್ಯಾಪ್ಟನ್ ಕಾವಲಿಗೆ ಜನ ಹೆಚ್ಚಿಸಿ, ಜಿಪಿಎಸ್ ನಂಬಬೇಡಿ ಎಂದು ಅಪ್ಪಣೆ ಕೊಟ್ಟರು. ರಾಡಾರಿನಲ್ಲಿ ದ್ವೀಪಗಳ ದೂರ ಅಳೆದು, ದಿಕ್ಸೂಚಿಯಿಂದ ದೀಪಸ್ತಂಭ, ಗುಡ್ಡದ ತುದಿಗಳ ದಿಕ್ಕು ಹಿಡಿದು, ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ನಾವಿದ್ದೇವೆ ಎಂದು ಗುರುತು ಹಾಕುವುದು. "ರಾಡಾರ್ ಮೇಲಿನವರನ್ನು ಕೇಳೋದಿಲ್ಲ ಅಕ್ಕ, ತಾನೇ ಕೂಗಿ ತಾನೇ ಪ್ರತಿಧ್ವನಿ ಕೇಳ್ತದೆ" ಎಂದ. ಓದುವಾಗ ಪರೀಕ್ಷೆಗೆಂದು ಕಲಿತದ್ದನ್ನು ಹೊಟ್ಟೆ ನಡುಗುತ್ತಾ ಮಾಡಿದ್ದು ಅದೇ ಮೊದಲಂತೆ.

ಅಮ್ಮ ನಡುವೆ ಬಾಯಿ ಹಾಕಿದಳು. "ನಿಮ್ಮಪ್ಪ ಮಾಡ್ತಿದ್ದದ್ದೂ ಅದೇ ಅಲ್ವಾ?" ಹೌದು. ದೋಣಿಗೆ ಜಿಪಿಎಸ್ ಬರುವ ಮೊದಲು ಅಪ್ಪ ಗುಡ್ಡದ ತುದಿಯನ್ನೂ ದೇವಸ್ಥಾನದ ಶಿಖರವನ್ನೂ ಒಂದೇ ಗೆರೆಗೆ ತಂದು ಬಲೆ ಬಿಡುವ ಜಾಗ ಹಿಡಿಯುತ್ತಿದ್ದ. ಈಗ ನಮ್ಮ ಬಂದರಿನಲ್ಲಿ ಆ ಗುರುತುಗಳು ಗೊತ್ತಿರುವವರು ಮುದುಕರು ಮಾತ್ರ.

ಇದು ಕೊಲ್ಲಿಯ ಕತೆ, ನಮಗೇನು ಎನ್ನುವ ಹಾಗಿಲ್ಲ. 2023ರ ನವೆಂಬರಿನಿಂದ 2025ರ ಫೆಬ್ರುವರಿವರೆಗೆ ಮುಖ್ಯವಾಗಿ ಅಮೃತಸರ, ಜಮ್ಮು ಭಾಗದಲ್ಲಿ ವಿಮಾನಗಳಿಗೆ ಇಂಥ 465 ಅಡಚಣೆಗಳಾಗಿವೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. 2025ರ ನವೆಂಬರಿನಲ್ಲಿ ದೆಹಲಿಗೂ ಅದು ಬಂತು. ದೆಹಲಿಯ ಕನ್ನಡಿಗ ಗೆಳೆಯರು ವಿಮಾನ ತಡವಾಯಿತೆಂದು ಬೈದುಕೊಂಡರು, ಅಷ್ಟೇ.

ನಮ್ಮದೇ ನಾವಿಕ್ ಇದೆಯಲ್ಲ ಎಂದು ತಮ್ಮನ ಮುಂದೆ ಜಂಬ ಕೊಚ್ಚಿದೆ. ಅದರ ನಿರ್ವಹಣೆ ನಡೆಯುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಿಂದ, ಹಾಸನದಿಂದ. ಹೊರನಾಡಿನಲ್ಲಿರುವ ನಮಗೆ ಹೇಳಿಕೊಳ್ಳಲು ಹೆಮ್ಮೆ. ತಮ್ಮ ನಕ್ಕ. ಪರಮಾಣು ಗಡಿಯಾರಗಳು ಕೆಟ್ಟು ಅದರ ಕೆಲವು ಉಪಗ್ರಹಗಳು ದಾರಿ ತೋರಿಸುವ ಕೆಲಸಕ್ಕೆ ಉಳಿದಿಲ್ಲ. 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ನಿಗದಿತ ಕಕ್ಷೆಗೆ ಏರಲಿಲ್ಲ. ಎಲ್ಲವೂ ಸರಿಯಾದರೂ ನಾಗರಿಕರಿಗೆ ಬರುವುದು ಅದೇ ಪಿಸುಮಾತು. ಮೈಕ್ ಹಿಡಿದವನಿಗೆ ಅದನ್ನೂ ಮುಚ್ಚಿಹಾಕಲು ಬರುತ್ತದೆ. ಆದರೂ ಒಬ್ಬರ ಮಾತಿಗಿಂತ ಇಬ್ಬರ ಮಾತು ಕೇಳುವುದು ವಾಸಿ ಎಂಬುದು ನನ್ನ ವಾದ. ಅವನು ಪೂರ್ತಿ ಒಪ್ಪಲಿಲ್ಲ.

ಅಮ್ಮ ಆ್ಯಪ್ ತೆಗೆಸಿಲ್ಲ. ತಮ್ಮ ಡಿಸೆಂಬರಿನಲ್ಲಿ ಮತ್ತೆ ಹಡಗು ಹತ್ತಿದ. ಫೋನ್ ಸಿಕ್ಕಿದಾಗ ಅಮ್ಮ ಈಗ "ಎಲ್ಲಿದ್ದೀಯೋ" ಎನ್ನುವುದಿಲ್ಲ. "ಹೊರಗೆ ಏನು ಕಾಣ್ತದೆ, ನೋಡಿ ಹೇಳು" ಎನ್ನುತ್ತಾಳೆ. ಕಳೆದ ಸಲ ಅವನು ಹೊರಗೆ ಹೋಗಿ ನೋಡಿ ಬಂದು ಹೇಳಿದ: "ಬಲಕ್ಕೆ ಓಮಾನಿನ ಬೋಳು ಗುಡ್ಡ ಅಮ್ಮ, ಒಂದು ಮರ ಇಲ್ಲ."