ಹಿಮದ ನಾಡಿನಲ್ಲಿ ಖಡಕ್ ರೊಟ್ಟಿ
ಸ್ವೀಡನ್ನಿನ ದಿನಚರಿ ಮತ್ತು ನಮ್ಮ ತಾಲ್ಲೂಕುಗಳ ಸರಕು

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಭಾಗದ ವರ್ತಕ ಕುಟುಂಬಗಳಲ್ಲಿ ಮಗನೋ ಮಗಳೋ ವಿದೇಶದಲ್ಲಿರುವುದು ಈಗ ಅಪರೂಪದ ಸಂಗತಿಯಲ್ಲ. ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಹೊರದೇಶಕ್ಕೆ ತೆರಳುವುದು ಪರಿಚಿತ ಹಾದಿ. ಈ ಹಾದಿಯ ಒಂದು ಕವಲು ಸ್ವೀಡನ್ನಿಗೆ ಹೋಗುತ್ತದೆ. ವೋಲ್ವೊ ಸಂಸ್ಥೆ 1998ರಿಂದ ಹೊಸಕೋಟೆಯಲ್ಲಿ ಟ್ರಕ್ಕುಗಳನ್ನು ತಯಾರಿಸುತ್ತಿದೆ. ದೂರವಾಣಿ ತಂತ್ರಜ್ಞಾನದ ಎರಿಕ್ಸನ್ ಸಂಸ್ಥೆಗೂ ಬೆಂಗಳೂರಿಗೂ ಹಳೆಯ ನಂಟು. ಭಾರತದಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದವರ ಸಂಖ್ಯೆ ಐವತ್ತು ಸಾವಿರವನ್ನು ದಾಟಿದೆ.

ಸುಮಾರು ಒಂದು ಕೋಟಿ ಆರು ಲಕ್ಷ ಜನಸಂಖ್ಯೆಯ ಆ ದೇಶದ ನಿತ್ಯಜೀವನವನ್ನು ಅರಿಯುವುದು ಕೇವಲ ಕುತೂಹಲದ ವಿಷಯವಲ್ಲ. ಅಲ್ಲಿನ ಮನೆ, ಅಡುಗೆ, ಹವೆ ಮತ್ತು ಕಾನೂನುಗಳನ್ನು ತಿಳಿದರೆ ನಮ್ಮ ಯಾವ ಸರಕು ಅಲ್ಲಿ ಸಲ್ಲುತ್ತದೆ, ಯಾವುದು ಬಂದರಿನಲ್ಲಿಯೇ ನಿಲ್ಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಕತ್ತಲೆಯೊಡನೆ ಬದುಕು

ಹೊಸದಾಗಿ ಹೋದವರನ್ನು ಮೊದಲು ಕಾಡುವುದು ಚಳಿಗಿಂತ ಹೆಚ್ಚಾಗಿ ಕತ್ತಲೆ. ಡಿಸೆಂಬರ್ ತಿಂಗಳ ಕೊನೆಯಲ್ಲಿ ಧಾರವಾಡದ ಹಗಲು ಹನ್ನೊಂದು ಗಂಟೆಗೂ ಮೀರಿರುತ್ತದೆ. ಅದೇ ದಿನ ಸ್ಟಾಕ್‌ಹೋಮ್‌ನಲ್ಲಿ ಅದು ಆರು ಗಂಟೆ ಮಾತ್ರ. ಬೆಳಗಿನ ಎಂಟೂಮುಕ್ಕಾಲಿಗೆ ಮೂಡಿದ ಸೂರ್ಯ ಮಧ್ಯಾಹ್ನ ಮೂರರೊಳಗೆ ಮುಳುಗುತ್ತಾನೆ. ಉತ್ತರದ ಕಿರುನಾ ಪಟ್ಟಣದಲ್ಲಿ ಕೆಲವು ವಾರ ಸೂರ್ಯೋದಯವೇ ಇಲ್ಲ. ಬಿಸಿಲಿನ ಕೊರತೆ ತುಂಬಲು ಅಲ್ಲಿ ಎಳೆಯ ಮಕ್ಕಳಿಗೆ ಎರಡು ವರ್ಷದವರೆಗೆ ನಿತ್ಯವೂ ‘ಡಿ’ ಜೀವಸತ್ವದ ಹನಿಗಳನ್ನು ಕೊಡುತ್ತಾರೆ. ಆದರೂ ಮಕ್ಕಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮನೆಯ ಹೊರಗೇ ಮಲಗಿಸುವ ರೂಢಿ ಅಲ್ಲಿನದು. ಮೊಮ್ಮಗುವಿನ ಬಾಣಂತನಕ್ಕೆಂದು ಊರಿನಿಂದ ಹೋದ ಅಜ್ಜಿಯರು ಇದನ್ನು ಕಂಡು ಗಾಬರಿಯಾಗುವುದು ಸಹಜ.

ಸರಕಾರಿ ವ್ಯವಹಾರದ ಕೀಲಿಕೈ ಎಂದರೆ ವೈಯಕ್ತಿಕ ಸಂಖ್ಯೆ. ತೆರಿಗೆ ಇಲಾಖೆ ನೀಡುವ ಈ ಸಂಖ್ಯೆ ಕೈಸೇರುವವರೆಗೆ ಬ್ಯಾಂಕಿನ ಖಾತೆ ತೆರೆಯುವುದೂ ಕಷ್ಟ. ನಗದು ಹಣದ ಬಳಕೆ ಬಹುತೇಕ ನಿಂತಿದೆ. ನಮ್ಮಲ್ಲಿ 2016ರಲ್ಲಿ ಯುಪಿಐ ಬರುವ ಮೊದಲೇ, 2012ರಲ್ಲಿ, ಅಲ್ಲಿ ‘ಸ್ವಿಶ್’ ಎಂಬ ಮೊಬೈಲ್ ಪಾವತಿ ಆರಂಭವಾಗಿತ್ತು. ಅನೇಕ ವಸತಿ ಸಮುಚ್ಚಯಗಳಲ್ಲಿ ಬಟ್ಟೆ ಒಗೆಯುವ ಕೋಣೆ ಎಲ್ಲರಿಗೂ ಒಂದೇ. ಮೊದಲೇ ಸಮಯ ಕಾಯ್ದಿರಿಸಬೇಕು, ಪಾಳಿ ಮುಗಿಯುವ ಹೊತ್ತಿಗೆ ಸ್ವಚ್ಛಗೊಳಿಸಿ ಬಿಟ್ಟುಕೊಡಬೇಕು. ಮಗುವಿನ ಆರೈಕೆಗೆ ತಂದೆ-ತಾಯಿಯರಿಗೆ ಒಟ್ಟು 480 ದಿನಗಳ ಭತ್ಯೆಸಹಿತ ರಜೆ ಉಂಟು. ಅದರಲ್ಲಿ 90 ದಿನ ತಂದೆಗೇ ಮೀಸಲು, ಅವನು ಬಳಸದಿದ್ದರೆ ತಾಯಿಗೆ ವರ್ಗವಾಗುವುದಿಲ್ಲ. ಮನೆಯೊಳಗೆ ಪಾದರಕ್ಷೆ ಧರಿಸದ ಪದ್ಧತಿಯೊಂದರಲ್ಲಿ ಮಾತ್ರ ನಮ್ಮವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಅಡುಗೆಮನೆಯೇ ಮಾರುಕಟ್ಟೆ

ನಮ್ಮ ಭಾಗದ ಕುಟುಂಬಕ್ಕೆ ಅಲ್ಲಿ ಒಲೆಯೇ ಮೊದಲ ತೊಡಕು. ಸಪಾಟಾದ ಗಾಜಿನ ವಿದ್ಯುತ್ ಒಲೆಯ ಮೇಲೆ ತಳ ಬಾಗಿದ ರೊಟ್ಟಿ ಹಂಚು ಸರಿಯಾಗಿ ಕಾಯುವುದಿಲ್ಲ. ಬಿಗಿಯಾಗಿ ಮುಚ್ಚಿದ ಕಿಟಕಿಗಳ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಸೂಚಕ ಕೂಗುತ್ತದೆ. ತಡರಾತ್ರಿ ರೊಟ್ಟಿ ಬಡಿದರೆ ಕೆಳಮನೆಯವರಿಂದ ದೂರು ಬರಬಹುದು. ಹೀಗಾಗಿ ಊರಿನಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಬ್ಯಾಡಗಿ ಖಾರದ ಪುಡಿಗಳು ಅಲ್ಲಿ ಅಮೂಲ್ಯ ವಸ್ತುಗಳಾಗುತ್ತವೆ.

ಆದರೆ ಧಾರವಾಡ ಪೇಢೆಗೆ ಈ ಭಾಗ್ಯವಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ಸ್ವಂತ ಬಳಕೆಗೂ ತರುವಂತಿಲ್ಲ. ಪ್ರಾಣಿರೋಗಗಳ ತಡೆಗಾಗಿ ಇರುವ ಈ ನಿಯಮ ತಿಳಿಯದೆ ಪೇಢೆ, ತುಪ್ಪಗಳನ್ನು ಪೆಟ್ಟಿಗೆಯಲ್ಲಿ ತುಂಬುವ ಹೆತ್ತವರು ಅವುಗಳನ್ನು ವಿಮಾನ ನಿಲ್ದಾಣದಲ್ಲಿಯೇ ಕಳೆದುಕೊಳ್ಳುವ ಸಂಭವವಿದೆ.

ಇಲ್ಲಿ ಒಂದು ಸಾಮ್ಯ ಗಮನಾರ್ಹ. ಸ್ವೀಡನ್ನಿನ ಜನ ತಲೆಮಾರುಗಳಿಂದ ರೈ ಧಾನ್ಯದ ಗರಿಗರಿಯಾದ ತೆಳು ರೊಟ್ಟಿಯನ್ನು ತಿನ್ನುತ್ತಾ ಬಂದಿದ್ದಾರೆ. ನಡುವೆ ತೂತಿರುವ ಈ ರೊಟ್ಟಿಗಳನ್ನು ಹಿಂದೆ ಕೋಲಿಗೆ ಪೋಣಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ನಮ್ಮ ಖಡಕ್ ಜೋಳದ ರೊಟ್ಟಿಯ ಗುಣವೂ ಇದೇ. ಜೊತೆಗೆ, ಗೋಧಿ ಮತ್ತು ರೈಗಳಲ್ಲಿರುವ ಗ್ಲುಟೆನ್ ಅಂಶ ಜೋಳದಲ್ಲಿ ಇಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಹೆಚ್ಚಾಗಿ ಕಂಡುಬರುವ ದೇಶಗಳಲ್ಲಿ ಸ್ವೀಡನ್ ಒಂದು. ನವಲಗುಂದ-ಅಣ್ಣಿಗೇರಿಯ ಎರೆಭೂಮಿಯ ಹಿಂಗಾರಿ ಜೋಳಕ್ಕೆ ಇದು ನಿಜವಾದ ಅವಕಾಶ.

ಆದರೆ ಷರತ್ತು ಕಠಿಣ. ಪೊಟ್ಟಣದ ಮೇಲೆ ‘ಗ್ಲುಟೆನ್‌ರಹಿತ’ ಎಂದು ಮುದ್ರಿಸಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಮ್‌ಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ, ಚಪಾತಿ ಲಟ್ಟಿಸಿದ ಮಣೆಯ ಮೇಲೆಯೇ ರೊಟ್ಟಿ ಬಡಿದರೆ ಈ ಮಿತಿ ಕೈತಪ್ಪುತ್ತದೆ. ಜೋಳಕ್ಕೆಂದೇ ಪ್ರತ್ಯೇಕ ಗಿರಣಿ ಮತ್ತು ಪ್ರತ್ಯೇಕ ಕೋಣೆ ಬೇಕು. ನಮ್ಮ ಮಹಿಳಾ ಸ್ವಸಹಾಯ ಸಂಘಗಳು ಒಬ್ಬೊಬ್ಬರಾಗಿ ಇದನ್ನು ಮಾಡಲಾರವು. ನಾಲ್ಕಾರು ಸಂಘಗಳು ಒಬ್ಬ ಉದ್ಯಮಿಯೊಡನೆ ಕೂಡಿದರೆ ಅಸಾಧ್ಯವಲ್ಲ.

ಬಣ್ಣದ ಹಿಂದಿನ ಪಾಠ

ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಹೊಲಗಳಲ್ಲಿ ಬೆಳೆದ ಬ್ಯಾಡಗಿ ಮೆಣಸಿನಕಾಯಿ ಈಗಾಗಲೇ ಯುರೋಪಿನ ಊಟದ ಮೇಜನ್ನು ಮುಟ್ಟಿದೆ, ಬೇರೆ ಹೆಸರಿನಲ್ಲಿ. ಖಾರ ಕಡಿಮೆಯಿದ್ದು ಬಣ್ಣ ಗಾಢವಾಗಿರುವ ಈ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸತ್ವ ಆಹಾರಕ್ಕೂ ಸೌಂದರ್ಯ ಸಾಧನಗಳಿಗೂ ಬಣ್ಣ ಕೊಡುತ್ತದೆ. ಯುರೋಪಿನ ಪೊಟ್ಟಣಗಳ ಮೇಲೆ ಕಾಣುವ ‘ಇ160ಸಿ’ ಎಂಬ ಸಂಕೇತ ಈ ಬಗೆಯ ಮೆಣಸಿನ ಸತ್ವದ್ದು. ಆ ಪೊಟ್ಟಣಗಳ ಮೇಲೆ ನಮ್ಮ ಊರಿನ ಹೆಸರಿರುವುದಿಲ್ಲ. ಹೆಸರಿನ ಬೆಲೆಯೂ ನಮಗೆ ದಕ್ಕುವುದಿಲ್ಲ.

ಈ ವ್ಯಾಪಾರದ ಕಹಿ ಅನುಭವಗಳನ್ನು ಮರೆಯಬಾರದು. ಭಾರತದಿಂದ ಬಂದ ಖಾರದ ಪುಡಿಯಲ್ಲಿ ‘ಸುಡಾನ್’ ಎಂಬ ಕೈಗಾರಿಕಾ ಬಣ್ಣ ಪತ್ತೆಯಾಗಿ, 2003ರಲ್ಲಿ ಐರೋಪ್ಯ ಒಕ್ಕೂಟ ತುರ್ತು ನಿರ್ಬಂಧ ಹೇರಿತು. 2005ರಲ್ಲಿ ಇದೇ ಕಾರಣಕ್ಕೆ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ತಯಾರಿಕೆಗಳನ್ನು ಹಿಂಪಡೆಯಲಾಯಿತು. 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಕಂಡುಬಂದು ಮತ್ತೆ ಅದೇ ಕಥೆಯಾಯಿತು. ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷಕ್ಕೆ ಒಕ್ಕೂಟದ ಮಿತಿ ಕಿಲೋ ಒಂದಕ್ಕೆ ಒಟ್ಟು 10 ಮೈಕ್ರೋಗ್ರಾಮ್. ತೂಕ ಹೆಚ್ಚಲೆಂದು ಮಾರುಕಟ್ಟೆಗೆ ತರುವ ಮುನ್ನ ಕಾಯಿಗೆ ನೀರು ಚಿಮುಕಿಸುವ ದುರಭ್ಯಾಸವೇ ಈ ಬೂಷ್ಟಿಗೆ ಆಹ್ವಾನ. ಚೀಲಕ್ಕೆ ಒಂದೆರಡು ಕಿಲೋ ಲಾಭ ತರುವ ಆ ನೀರು ಇಡೀ ಕಂಟೇನರನ್ನು ತಿರಸ್ಕಾರಕ್ಕೆ ಗುರಿಮಾಡಬಲ್ಲದು. ತಿರಸ್ಕೃತ ಸರಕನ್ನು ಮರಳಿ ತರುವ ಅಥವಾ ನಾಶಪಡಿಸುವ ವೆಚ್ಚ ಬೀಳುವುದು ವ್ಯಾಪಾರಸ್ಥನ ತಲೆಯ ಮೇಲೆಯೇ.

ತೊಟ್ಟಿಲು ಮತ್ತು ಜಮಖಾನ

ಕಲಘಟಗಿಯ ಬಣ್ಣದ ತೊಟ್ಟಿಲು ವಿದೇಶದಲ್ಲಿರುವ ಕುಟುಂಬಗಳಿಗೂ ಬೇಕಾದ ವಸ್ತು. ಆದರೆ ಚಳಿನಾಡಿನ ಮನೆ ಮರಕ್ಕೆ ಪರೀಕ್ಷೆಯನ್ನೇ ಒಡ್ಡುತ್ತದೆ. ಹೊರಗೆ ಹಿಮವಿದ್ದರೂ ಒಳಗೆ ಸುಮಾರು 20 ಡಿಗ್ರಿ ಉಷ್ಣತೆ ಕಾಯ್ದುಕೊಳ್ಳುವುದರಿಂದ ಗಾಳಿ ತೀರ ಒಣಗಿರುತ್ತದೆ. ಸರಿಯಾಗಿ ಹದಗೊಳ್ಳದ ಮರ ಕುಗ್ಗಿ, ಬೆಸುಗೆಗಳು ಸಡಿಲಗೊಂಡು, ಮೇಲಿನ ಬಣ್ಣ ಬಿರಿಯುತ್ತದೆ. ಮರದ ತೇವಾಂಶವನ್ನು ನಮ್ಮ ರೂಢಿಗಿಂತ ಬಹಳ ಕೆಳಗಿಳಿಸಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ಮಗು ಬಾಯಿಗೆ ತಾಗಿಸುವ ಬಣ್ಣದಲ್ಲಿ ಸೀಸವಿಲ್ಲವೆಂದು ಪ್ರಯೋಗಾಲಯದ ಪತ್ರ ಬೇಕು. ತೊಟ್ಟಿಲುಗಳಿಗೆಂದೇ ಯುರೋಪಿನಲ್ಲಿ ಪ್ರತ್ಯೇಕ ಸುರಕ್ಷತಾ ಮಾನಕವಿದೆ. ಸಾಗಣೆಯ ಮರದ ಪೆಟ್ಟಿಗೆಯನ್ನೂ 56 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿ ಮುದ್ರೆ ಒತ್ತಿಸಬೇಕು.

ನವಲಗುಂದದ ಜಮಖಾನದ ಸ್ಥಿತಿ ಬೇರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹತ್ತಿಯ ನೆಲಹಾಸನ್ನು ಮಹಿಳೆಯರು ಮನೆಯಲ್ಲಿಯೇ ನಿಲುಮಗ್ಗದ ಮೇಲೆ ನೇಯುತ್ತಾರೆ. ನವಿಲು, ಪಗಡೆಯ ಹಾಸುಗಳು ಇದರ ಗುರುತು. ಸ್ವೀಡನ್ನಿನ ಮನೆಗಳ ಮರದ ನೆಲಕ್ಕೆ ಕೈಮಗ್ಗದ ಹಾಸು ಹೊಸತಲ್ಲ. ಹಳೆಯ ಬಟ್ಟೆಯ ಪಟ್ಟಿಗಳಿಂದ ನೇಯ್ದ ಚಾಪೆಗಳು ಅಲ್ಲಿನ ಹಳ್ಳಿಮನೆಗಳ ಸಂಪ್ರದಾಯ, ನಮ್ಮ ಕೌದಿಯ ಹಾಗೆ. ಸಲ್ಲುವ ಸರಕು ಇದೆ, ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ. ದಿನದ ಕೂಲಿಗೂ ಸಾಲದ ಗಳಿಕೆಗೆ ಮುಂದಿನ ಪೀಳಿಗೆ ಮಗ್ಗಕ್ಕೆ ಕೂರದು. ದೊಡ್ಡ ಆದೇಶ ಬಂದರೆ ಪೂರೈಸಲಾಗದು, ಆದೇಶವಿಲ್ಲದೆ ಕೈಗಳು ಉಳಿಯವು. ಸಣ್ಣ ಸಣ್ಣ ಪಾರ್ಸಲ್‌ಗಳಾಗಿ, ಉತ್ತಮ ಬೆಲೆಗೆ ಮಾರುವುದೊಂದೇ ಇದಕ್ಕೆ ದಾರಿ. 2022ರಿಂದ ಅಂಚೆ ಇಲಾಖೆ ತೆರೆದಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಇಂಥ ಪಾರ್ಸಲ್‌ಗಳಿಗೆಂದೇ ಇರುವಂಥವು.

ಹೋದವರು, ಉಳಿದವರು

ವಲಸೆ ಹೋದವರ ನೆನಪಿನ ಹಸಿವನ್ನೇ ನಂಬಿ ವ್ಯಾಪಾರ ಕಟ್ಟುವುದು ಸುರಕ್ಷಿತವಲ್ಲ. 2023ರ ನವೆಂಬರ್‌ನಲ್ಲಿ ಸ್ವೀಡನ್ ಕೆಲಸದ ಪರವಾನಗಿಗೆ ಬೇಕಾದ ಕನಿಷ್ಠ ವೇತನವನ್ನು ದೇಶದ ಮಧ್ಯಮ ವೇತನದ ಶೇ. 80ಕ್ಕೆ ಏರಿಸಿತು. 2024ರ ಮೊದಲ ಆರು ತಿಂಗಳಲ್ಲಿ ಅಲ್ಲಿಗೆ ಬಂದ ಭಾರತೀಯರಿಗಿಂತ ಅಲ್ಲಿಂದ ಹೊರಟವರೇ ಹೆಚ್ಚು. ನೆಚ್ಚಬೇಕಾದದ್ದು ಅಲ್ಲಿಯ ಮೂಲನಿವಾಸಿಗಳ ಅಡುಗೆಮನೆಯನ್ನು.

ಆ ಅಡುಗೆಮನೆಯ ಬಾಗಿಲು ತೋರಿಸಬಲ್ಲವರು ಮಾತ್ರ ನಮ್ಮವರೇ. ಪೊಟ್ಟಣದ ಬರಹ ಸ್ವೀಡಿಷ್ ಭಾಷೆಯಲ್ಲಿರಬೇಕು. ಶೇಂಗಾ, ಎಳ್ಳು, ಹಾಲುಗಳಂಥ ಒಗ್ಗದಿಕೆಯ ಪದಾರ್ಥಗಳ ಹೆಸರು ಎದ್ದು ಕಾಣಬೇಕು. ಅಂಗಡಿಯ ಕಪಾಟಿನಲ್ಲಿ ಏನಿದೆ, ಯಾವ ಬೆಲೆಗೆ ಹೋಗುತ್ತದೆ ಎಂಬುದನ್ನು ದಿನವೂ ನೋಡುವವರು ಅವರು. ದಲಾಲಿ ಅಂಗಡಿಯ ಗದ್ದುಗೆಗೆ ಮಗ ಮರಳಿ ಬರುವನೋ ಇಲ್ಲವೋ ಎಂಬ ಚಿಂತೆ ಈ ಭಾಗದ ಅನೇಕ ಹಿರಿಯ ವರ್ತಕರದು. ಬಾರದಿದ್ದರೂ ಅವನು ವ್ಯಾಪಾರದ ಹೊರಗಿನವನಾಗಬೇಕಿಲ್ಲ. ಭಾನುವಾರದ ದೂರವಾಣಿ ಕರೆಯಲ್ಲಿ ಚಳಿ ಹೇಗಿದೆ ಎಂದು ಕೇಳಿದ ಬಳಿಕ, ಅಲ್ಲಿನ ಅಂಗಡಿಯಲ್ಲಿ ರೊಟ್ಟಿಯ ಪೊಟ್ಟಣಕ್ಕೆ ಬೆಲೆ ಎಷ್ಟೆಂದೂ ಕೇಳಬಹುದು. ರಫ್ತಿನ ಸಂಕೇತ ಸಂಖ್ಯೆ, ಸಾಂಬಾರ ಮಂಡಳಿಯ ನೋಂದಣಿ, ಪ್ರಯೋಗಾಲಯದ ಪತ್ರಗಳೆಲ್ಲ ಅದರ ನಂತರದ ಹೆಜ್ಜೆಗಳು.