ಗಣಿ ಪುಡಿಯ ರಾಶಿ ಗಟ್ಟಿಯೋ ಸಡಿಲವೋ: ಪರೀಕ್ಷೆ ಹೇಗೆ?

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ಮಾತ್ರ ಅಲ್ಲೇ ಇದೆ: 13 ದಿಬ್ಬ, ಸುಮಾರು 3.3 ಕೋಟಿ ಟನ್. ಅದರಲ್ಲಿ ಉಳಿದಿರುವ ಚಿನ್ನಕ್ಕಾಗಿ ದಿಬ್ಬಗಳನ್ನು ಅಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಚಿನ್ನ ತೆಗೆದರೂ ಪುಡಿ ಉಳಿಯುತ್ತದೆ. ಅದನ್ನು ಮತ್ತೆ ಎಲ್ಲಾದರೂ ರಾಶಿ ಹಾಕಲೇಬೇಕು.

ಈಗಿನ ಪದ್ಧತಿಗಳಲ್ಲಿ ಒಂದು, ನೀರು ಬೆರೆತ ಪುಡಿಯ ರಾಡಿಯನ್ನು ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ಟಿಪ್ಪರಿನಲ್ಲಿ ಸಾಗಿಸಿ, ಪದರ ಪದರವಾಗಿ ಹರಡಿ ರೋಲರ್ ಹೊಡೆಯುವುದು. ಹಿಂಡಿದರೂ ತೇವ ಪೂರ್ತಿ ಹೋಗದು. ಮೇಲೆ ದೂಳೇಳುವ ರಾಶಿಯ ಬುಡ ಹಸಿಯಾಗಿರಬಹುದು. ಸಡಿಲವಾದ ಹಸಿ ಪುಡಿ ಅದುಮಿದಾಗ ನೀರಿಗೆ ಹೊರಹೋಗಲು ಪುರುಸೊತ್ತು ಸಿಗದಿದ್ದರೆ, ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಕಣಗಳ ಹಿಡಿತ ತಪ್ಪಿ ರಾಶಿಯೇ ಹರಿಯತೊಡಗುತ್ತದೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ರಾಡಿ ಕಟ್ಟೆಯೊಂದು ಹೀಗೆಯೇ ಒಡೆದು ಸುಮಾರು 270 ಜನ ಸತ್ತರು. ಆ ಕಟ್ಟೆಗೆ ರಾಡಿ ಬಿಡುವುದನ್ನು ಎಂದೋ ನಿಲ್ಲಿಸಲಾಗಿತ್ತು.

ಆದ್ದರಿಂದ ರಾಶಿಯ ಒಳಗನ್ನೇ ನೋಡಬೇಕು. ಬೋರ್ ಕೊರೆದು, ತಳದಲ್ಲಿ ಕೊಳವೆ ನಿಲ್ಲಿಸಿ, 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಮುಂದಿನ 30 ಸೆಂ.ಮೀ. ಇಳಿಯಲು ಬಿದ್ದ ಪೆಟ್ಟುಗಳೇ ‘ಎನ್’ ಮೌಲ್ಯ. ನಾಲ್ಕೇ ಪೆಟ್ಟಿಗೆ ಇಳಿದರೆ ಪುಡಿ ತೀರ ಸಡಿಲ. ಈ ಪರೀಕ್ಷೆಯ ಕಣ್ತಪ್ಪಿಸುವ ತೆಳು ಪದರಗಳನ್ನು ಕೋನ್ ಪರೀಕ್ಷೆ ಹಿಡಿಯುತ್ತದೆ: ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಇಳಿಯುವ ಮೊನೆ, ಎದುರಾದ ಬಿಗಿಯನ್ನೂ ನೀರಿನ ಒತ್ತಡವನ್ನೂ ಬಿಡದೆ ದಾಖಲಿಸುತ್ತದೆ. ಕೊಳವೆಯಲ್ಲಿ ಹಾಗೇ ಎತ್ತಿದ ಮಾದರಿಯ ತೇವ, ಸಾಂದ್ರತೆ, ಬಲವನ್ನು ಲ್ಯಾಬ್‌ನಲ್ಲಿ ಅಳೆಯುತ್ತಾರೆ. ಇವುಗಳ ಮೇಲೆಯೇ ಇಳಿಜಾರು ಎಷ್ಟಿರಬೇಕೆಂಬ ಲೆಕ್ಕ.

ಕೊನೆಗೆ ಮೇಲ್ಹೊದಿಕೆ. ದೂಳು ಏಳಬಾರದು, ಮಳೆ ಇಂಗಬಾರದು. ಜೇಡಿ ಇದ್ದರೆ ಸಾಕೆನ್ನುವವರು ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯ ಎರಿ ಹೊಲವನ್ನು ಬೇಸಿಗೆಯಲ್ಲಿ ನೋಡಬೇಕು: ಕೈ ಇಳಿಯುವಷ್ಟು ಬಿರುಕು. ಅಂಥ ಮಣ್ಣನ್ನು ಬರಿದೇ ಹೊದಿಸಿದರೆ ಮೊದಲ ಮಳೆ ನೇರ ಒಳಗೇ. ಹಾಗಾಗಿ ಜೇಡಿಯ ಮೇಲೆ ಬೇರೆ ಮಣ್ಣಿನ ಪದರ, ಹುಲ್ಲು, ಸುತ್ತ ಚರಂಡಿ ಬೇಕು. ಒಳಗೆ ಹೂತ ಪೀಜೋಮೀಟರಿನಲ್ಲಿ ನೀರಿನ ಮಟ್ಟವನ್ನು ವರ್ಷಗಟ್ಟಲೆ ಓದುತ್ತಿರಬೇಕು. ಮಟ್ಟ ಏರಿದರೆ ಚರಂಡಿ, ಹೊದಿಕೆಗಳ ದುರಸ್ತಿ ಕೂಡಲೇ ಆಗಬೇಕು.