ನೆಲದಡಿಯ ಬೆಂಗಳೂರು

ಕಣ್ಣಿಗೆ ಕಾಣುವ ಬೆಂಗಳೂರು ಒಂದು. ಅದರ ಅಡಿಯಲ್ಲಿ ಯಾರೂ ಪೂರ್ತಿಯಾಗಿ ಕಂಡಿರದ ಬೆಂಗಳೂರು ಇನ್ನೊಂದು. ಮೇಲಿನ ಊರಿನ ಬೀದಿಗಳಿಗೆ ಹೆಸರುಂಟು, ಮನೆಗಳಿಗೆ ಸಂಖ್ಯೆಯುಂಟು. ಕೆಳಗಿನ ಊರಿನಲ್ಲಾದರೋ ಹೆಸರಿಲ್ಲದ ಕೊಳವೆಗಳು ಒಂದನ್ನೊಂದು ದಾಟಿ, ಕೆಲವು ಕುಡಿಯುವ ನೀರನ್ನೂ ಕೆಲವು ಕೊಳೆನೀರನ್ನೂ ಹೊತ್ತು ಸಾಗುತ್ತವೆ. ಇವೆರಡೂ ಎಲ್ಲಿ ಎಷ್ಟು ಹತ್ತಿರ ಬಂದಿವೆಯೆಂದು ತಿಳಿಯುವುದು ಬರಿಯ ಕುತೂಹಲವಲ್ಲ. ಮಕ್ಕಳುಮರಿಗಳ ಪ್ರಾಣದ ಮಾತು.

ಈ ಕೆಳಗಿನ ಊರು ಒಂದೇ ದಿನ ಹುಟ್ಟಿದ್ದಲ್ಲ. ಹೆಸರಘಟ್ಟದ ಕೆರೆಯ ನೀರು ನಗರಕ್ಕೆ ಹರಿದದ್ದು ೧೮೯೬ರಲ್ಲಿ. ತಿಪ್ಪಗೊಂಡನಹಳ್ಳಿಯ ಜಲಾಶಯ ಒದಗಿದ್ದು ೧೯೩೩ರಲ್ಲಿ. ೧೯೬೪ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪಿತವಾಯಿತು. ಹತ್ತು ವರ್ಷಗಳ ತರುವಾಯ ಕಾವೇರಿಯು ಸುಮಾರು ೧೦೦ ಕಿಲೋಮೀಟರು ಸಾಗಿ, ೫೦೦ ಮೀಟರುಗಳಷ್ಟು ಎತ್ತರವನ್ನೇರಿ ಬಂದಳು. ೨೦೦೭ರಲ್ಲಿ ೧೧೦ ಹಳ್ಳಿಗಳು ನಗರದೊಳಗೆ ಸೇರಿದವು. ಅವುಗಳಿಗಾಗಿ ಕಾವೇರಿಯ ಐದನೆಯ ಹಂತವು ೨೦೨೪ರಲ್ಲಿ ತೆರೆಯಿತು. ಪ್ರತಿ ಕಾಲವೂ ತನ್ನ ಕೊಳವೆಗಳನ್ನು ಹೂಳಿತು. ಹಳೆಯವನ್ನು ಕಿತ್ತು ತೆಗೆಯುವ ಗೋಜಿಗೆ ಹೋದವರು ವಿರಳ.

ಹಾಗಾದರೆ ಇದನ್ನೆಲ್ಲ ಬಲ್ಲವರು ಯಾರು? ಬಹುಮಟ್ಟಿಗೆ, ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗಿಟ್ಟು ಬೀದಿ ಬೀದಿ ತಿರುಗುವ ವಾಲ್ವ್‌ಮನ್. ಹಳ್ಳಿಯಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಯ ವಂಶದವನೆನ್ನಬಹುದು ಈತ. ಯಾವ ಮುಚ್ಚಳದಡಿಯ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಅಡ್ಡರಸ್ತೆಗೆ ನೀರೇರುವುದೆಂಬುದು ಅವನ ಕೈಗೆ ಗೊತ್ತು. ಕಚೇರಿಯ ಕಪಾಟಿನ ಹಳೆಯ ನಕಾಶೆಗೆ ಗೊತ್ತಿಲ್ಲ. ಆತ ನಿವೃತ್ತನಾದ ದಿನ ಒಂದು ಬಡಾವಣೆಯ ನಕಾಶೆಯೇ ಮನೆಗೆ ಹೋದಂತೆ!

ಈ ತಿಳಿವನ್ನು ಗಣಕಯಂತ್ರಕ್ಕೆ ಏರಿಸುವುದೇ ಈಗಿನ ಉದ್ಯಮ. ತೆರೆಯ ಮೇಲೆ ಕಾಣುವುದು ಬರಿಯ ಗೆರೆಯಲ್ಲ. ಅದನ್ನು ಮುಟ್ಟಿದರೆ ಕೊಳವೆಯ ಅಗಲ, ಆಳ, ಲೋಹ, ಹೂಳಿದ ವರ್ಷ ಎಲ್ಲವೂ ಹೊರಬೀಳಬೇಕು. ಕಬ್ಬಿಣದ ಕೊಳವೆಯನ್ನು ವಿದ್ಯುತ್ಕಾಂತೀಯ ಶೋಧಕವು ನೆಲವನ್ನಗೆಯದೆಯೇ ಪತ್ತೆಮಾಡುತ್ತದೆ. ಪ್ಲಾಸ್ಟಿಕ್ಕು, ಜೇಡಿಮಣ್ಣಿನ ಕೊಳವೆಗಳು ಅದಕ್ಕೆ ಓಗೊಡುವುದಿಲ್ಲ. ಅವಕ್ಕೆ ನೆಲವನ್ನು ಹೊಕ್ಕು ನೋಡುವ ರಾಡಾರು ಬೇಕು. ಒದ್ದೆಯಾದ ಜೇಡಿನೆಲವು ಆ ರಾಡಾರಿನ ಅಲೆಗಳನ್ನೂ ನುಂಗಿಬಿಡುತ್ತದೆ. ಆಗ ಗುದ್ದಲಿಯೇ ಗತಿ. ಒಳಚರಂಡಿಯಲ್ಲಿ ಆಳದ ಲೆಕ್ಕ ಇನ್ನೂ ಬಿಗಿ: ಒತ್ತಡದಿಂದ ಹರಿಯುವ ಕುಡಿಯುವ ನೀರು ದಿಣ್ಣೆಯನ್ನೇರಬಲ್ಲದು, ಕೊಳೆನೀರಿಗೆ ಇಳಿಜಾರೇ ಬೇಕು. ಆದ್ದರಿಂದ ಒಂದೊಂದು ಮ್ಯಾನ್‌ಹೋಲಿನ ಮುಚ್ಚಳವನ್ನೂ ತೆರೆದು ತಳದ ಮಟ್ಟವನ್ನು ಅಳೆಯಬೇಕಾಗುತ್ತದೆ.

ಇಷ್ಟು ಶ್ರಮವೇಕೆ? ಸರದಿಯ ಮೇಲೆ ನೀರು ಬಿಡುವ ಊರಿನಲ್ಲಿ, ನೀರು ನಿಂತ ಹೊತ್ತು ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಸಡಿಲಾದ ಸಂದಿಯ ಸುತ್ತ ಕೊಳೆಯಿದ್ದರೆ ಅದು ಒಳಕ್ಕೆ ಸೇರುತ್ತದೆ. ಮರುದಿನ ನಲ್ಲಿಯಲ್ಲಿ ವಾಸನೆ, ಅದರ ಹಿಂದೆಯೇ ವಾಂತಿಭೇದಿ. ದೂರು ಬಂದ ಮನೆಗಳನ್ನೂ ಎರಡು ಬಗೆಯ ಕೊಳವೆಗಳನ್ನೂ ಒಂದೇ ನಕಾಶೆಯಲ್ಲಿ ಹರಡಿದರೆ, ಮೊದಲು ಎಲ್ಲಿ ಅಗೆಯಬೇಕೆಂಬುದು ತಿಳಿದೀತು. ಇಲ್ಲವಾದರೆ ಬೀದಿಯುದ್ದಕ್ಕೂ ಹಳ್ಳ. ಕೇಬಲ್ಲಿಗಾಗಿ ನೆಲ ಅಗೆಯುವವರು ಮೊದಲೇ ವಿಚಾರಿಸಿಕೊಳ್ಳಲೆಂದು ಕೇಂದ್ರ ಸರ್ಕಾರವು ೨೦೨೩ರಲ್ಲಿ ಒಂದು ಮೊಬೈಲು ಸಾಧನವನ್ನೇ ಹೊರತಂದಿತು. ಆದರೆ ವಿಚಾರಿಸಿದವನಿಗೆ ಉತ್ತರ ಹೇಳಲು ನಕಾಶೆಯಿರಬೇಕಷ್ಟೆ!

ಒಂದು ಅಪಾಯವನ್ನು ಮಾತ್ರ ಮರೆಯಲಾಗದು. ಗಣಕಯಂತ್ರದಲ್ಲಿ ಕಣ್ಣಾರೆ ಕಂಡ ಕೊಳವೆಯೂ ಊಹೆಯ ಕೊಳವೆಯೂ ಒಂದೇ ಬಣ್ಣದ ಅಂದವಾದ ಗೆರೆ. ಅದನ್ನು ನಂಬಿ ಅಗೆದವನಿಗೆ ಗೆರೆಯಿದ್ದಲ್ಲಿ ಮಣ್ಣು, ಇಲ್ಲದಲ್ಲಿ ಕಾರಂಜಿ! ಯಾವುದು ಅಳೆದದ್ದು, ಯಾವುದು ಕೇಳಿದ್ದು ಎಂದು ಗೆರೆಯೇ ಹೇಳುವಂತಿರಬೇಕು. ಕೇಳಿದ್ದನ್ನು ಬರೆಯುವಾಗ ತರುಣ ಇಂಜಿನಿಯರನ ಪಕ್ಕದಲ್ಲಿ ಹಳೆಯ ವಾಲ್ವ್‌ಮನ್ನನಿಗೂ ಒಂದು ಕುರ್ಚಿ ಹಾಕುವುದು ಲೇಸು.

ನಡುರಾತ್ರಿ ಒಡೆದ ಕೊಳವೆಗೆ ತೇಪೆ ಹಾಕಿ, ಹೊಸ ತಿರುವು ಕೊಟ್ಟು, ಬೆಳಗಾಗುವುದರೊಳಗೆ ಹಳ್ಳ ಮುಚ್ಚುವ ತಂಡವಿದೆಯಲ್ಲ, ನಕಾಶೆಯ ಆಯುಷ್ಯವಿರುವುದು ಅವರ ಕೈಯಲ್ಲಿ. ಮಣ್ಣೆಳೆಯುವ ಮುನ್ನ ಒಂದು ಛಾಯಾಚಿತ್ರ, ಆಳದ ಒಂದು ಅಳತೆ: ಕೆಲವೇ ನಿಮಿಷಗಳ ಕೆಲಸ. ಮೇಲೆ ಡಾಂಬರು ಬಿದ್ದ ಬಳಿಕ ಅದೇ ಸಂಗತಿಯನ್ನು ತಿಳಿಯಲು ರಸ್ತೆಯನ್ನೇ ಒಡೆಯಬೇಕು.